ಪಫ್ಸ್ ಮಾರುವ ಹುಡುಗನ ಪರ್ಸೆಂಟೇಜು

ಸೆಕೆಂಡ್ ಪಿಯು ಕಾಮರ್ಸಿನವರಿಗೆ ಬಿಸಿನೆಸ್ ಸ್ಟಡೀಸ್ ಪುಸ್ತಕದ ಕೊನೆಯ ಹೊತ್ತಿಗೆ ಮಾರ್ಕೆಟಿಂಗ್ ಅಂತ ಒಂದು ದಪ್ಪನೆಯ ಪಾಠ ಎದುರಾಗುತ್ತದೆ. ಎಂಟು ಮಾರ್ಕಿನ ಪ್ರಶ್ನೆ ಅಲ್ಲಿಂದ ಬಂದೇ ಬರುತ್ತೆ ಅಂತ ನಮ್ಮ ಲೆಕ್ಚರರ್ ಹೇಳಿಬಿಟ್ಟಿದ್ದರಿಂದ ಇಡೀ ಕ್ಲಾಸು ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್ ಅಂತ ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಿತ್ತು. ಈ ನಾಲ್ಕು ‘ಪಿ’ಗಳನ್ನು 1960ರಲ್ಲಿ ಜೋಡಿಸಿಕೊಟ್ಟವರು ಜೆರೋಮ್ ಮೆಕಾರ್ಥಿ ಅನ್ನುವ ಅಮೆರಿಕದ ಪ್ರೊಫೆಸರು. ಕಾಲೇಜು ಬಿಟ್ಟ ಮೇಲೆ ನಾನು ಕೆಲಸಕ್ಕೆ ಹೋಗುತ್ತಿದ್ದ ಹಾಸನದ ಬೇಕರಿಯಲ್ಲಿ ಐದನೆಯದೊಂದು ‘ಪಿ’ ಇತ್ತು, ಪಫ್ಸ್. ಸಂಜೆ ಅದರ ಟ್ರೇ ಓವನ್ನಿಂದ ಹೊರಗೆ ಬಂತೆಂದರೆ ಉಳಿದ ನಾಲ್ಕಕ್ಕೂ ರಜೆ. ಬಸ್ಸು ಇಳಿದವರು ಮೂಗು ಎಳೆದಲ್ಲಿಗೆ ನಡೆದು ಬರುತ್ತಿದ್ದರು.

ಪುಸ್ತಕದ ಪ್ರಕಾರ ಬ್ರಾಂಡ್ ಅಂದರೆ ನಮ್ಮ ಮಾಲನ್ನು ಪಕ್ಕದವನ ಮಾಲಿನಿಂದ ಬೇರೆ ಮಾಡಿ ತೋರಿಸುವ ಹೆಸರು. ನಮ್ಮ ರಸ್ತೆಯಲ್ಲಿ ಮೂರು ಬೇಕರಿ, ಮೂರರ ಬೋರ್ಡಿನಲ್ಲೂ ‘ಅಯ್ಯಂಗಾರ್ ಬೇಕರಿ’. ಹಿಂದೆ ಮುಂದೆ ಒಂದೆರಡು ದೇವರ ಇನಿಶಿಯಲ್ಲು ಅದಲುಬದಲು ಅಷ್ಟೆ. 1898ರ ಸುಮಾರಿಗೆ ಹಾಸನದ ಕಡೆಯ ತಿರುಮಲಾಚಾರ್ ಎಂಬವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದಲ್ಲಿಂದ ಈ ಹೆಸರಿನ ಕಥೆ ಹೇಳುತ್ತಾರೆ. ಈಗ ಅದು ಯಾರೊಬ್ಬರ ಸ್ವತ್ತೂ ಅಲ್ಲ, ಊರೂರಿನ ಸ್ವತ್ತು. “ಹಾಗಾದ್ರೆ ಬ್ರಾಂಡಿಂಗ್ ಹೇಗೆ ಮಾಡೋದು ಯಜಮಾನ್ರೇ?” ಅಂತ ಕೇಳಿದೆ. “ಮೊದ್ಲು ಆ ಗಾಜು ಒರೆಸು” ಅಂದರು.

ಯಜಮಾನರು ಮಾತಿನಲ್ಲಿ ಬಹಳ ಜಿಪುಣರು. ಬ್ರೆಡ್ಡು ಕೊಯ್ಯುವಾಗಲಂತೂ ಬಾಯಿಯೇ ಬಿಡುತ್ತಿರಲಿಲ್ಲ. ಆದರೆ ಅವರ ಕಣ್ಣು ಗಿರಾಕಿಯ ಮುಖದ ಮೇಲಿರುತ್ತಿತ್ತು. ದಿಲ್‌ಪಸಂದ್ ಕಡೆಗೆ ಯಾರಾದರೂ ಎರಡನೇ ಸಲ ನೋಡಿದರೆ ಸಾಕು, ಚಾಕು ಅದರ ಮೇಲೆ ಹೋಗಿ ಕೂತಿರುತ್ತಿತ್ತು. ಬೇಡ ಅನ್ನಲು ಆಮೇಲೆ ಯಾರಿಗೆ ಮನಸ್ಸು ಬರುತ್ತದೆ?

ಪಾಠದಲ್ಲಿ ಸ್ಯಾಂಪ್ಲಿಂಗ್ ಬಂದಾಗ ನಿಪ್ಪಟ್ಟು ಮುರಿದು ಒಂದು ತಟ್ಟೆಯಲ್ಲಿ ಹಾಕಿ ಕೌಂಟರಿನ ಮೇಲಿಡಲು ಹೇಗೋ ಒಪ್ಪಿಗೆ ಪಡೆದೆ. ಮೊದಲ ದಿನ ಒಬ್ಬರು ರಿಟೈರ್ಡ್ ಮೇಷ್ಟ್ರು ವಾಕಿಂಗ್ ಮುಗಿಸಿ ಬಂದು ಎರಡು ಚೂರು ಬಾಯಿಗೆ ಹಾಕಿಕೊಂಡು, ತಲೆಯಾಡಿಸಿ ಹೋದರು. ಮಾರನೇ ದಿನವೂ ಬಂದರು. “ನಿನ್ನೇದಕ್ಕಿಂತ ಉಪ್ಪು ಒಂಚೂರು ಮುಂದು.” ಅದರ ಮಾರನೇ ದಿನ ಅವರ ವಾಕಿಂಗ್ ಗೆಳೆಯರೂ ಬಂದರು. ಒಬ್ಬರಿಗೆ ಹಲ್ಲಿರಲಿಲ್ಲವಾಗಿ, “ಮೆತ್ತಗಿರೋದು ಏನೂ ಇಟ್ಟಿಲ್ವೇನಪ್ಪಾ?” ಅಂತ ವಿಚಾರಿಸಿದರು. ಗ್ರಾಹಕರ ಅಭಿಪ್ರಾಯ ಸಂಗ್ರಹ ಮಾರ್ಕೆಟಿಂಗಿನ ಮೊದಲ ಕೆಲಸ ಅಂತ ಪುಸ್ತಕದಲ್ಲಿದೆ. ಅಭಿಪ್ರಾಯ ರಾಶಿ ರಾಶಿ ಬಂತು, ದುಡ್ಡು ಬರಲಿಲ್ಲ. ವಾರ ತುಂಬುವ ಮೊದಲೇ ತಟ್ಟೆ ಮಾಯವಾಗಿ, ಅದರ ಜಾಗದಲ್ಲಿ ಯಜಮಾನರ ಕಾಫಿ ಲೋಟ ಕೂತಿತ್ತು.

ಪ್ಯಾಕೇಜಿಂಗಿನ ಕಥೆ ಬೇರೆಯೇ. ಪ್ರೈಮರಿ, ಸೆಕೆಂಡರಿ, ಟ್ರಾನ್ಸ್‌ಪೋರ್ಟೇಶನ್ ಅಂತ ಅದರಲ್ಲಿ ಮೂರು ಹಂತ. ನಮ್ಮಲ್ಲಿ ಮೊದಲನೆಯದು ರದ್ದಿ ಕಾಗದ, ಎರಡನೆಯದು ಮೇಲಿಂದ ಇಳಿಬಿದ್ದ ನೂಲುಂಡೆಯ ದಾರ, ಮೂರನೆಯದು ಗಿರಾಕಿ ತಂದ ಕೈಚೀಲ. ಅಚ್ಚಾದ ಕಾಗದದಲ್ಲಿ ತಿಂಡಿ ಕಟ್ಟಬೇಡಿ, ಶಾಯಿ ಹೊಟ್ಟೆಗೆ ಒಳ್ಳೆಯದಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದವರು 2016ರಲ್ಲೇ ಹೇಳಿದ್ದಾರೆ. ಆ ಮಾತು ನಮ್ಮ ರಸ್ತೆಯವರೆಗೆ ಇನ್ನೂ ನಡೆದು ಬರುತ್ತಿತ್ತು. ಒಂದು ಸಂಜೆ ನಮ್ಮ ಬಿಸಿನೆಸ್ ಸ್ಟಡೀಸ್ ಲೆಕ್ಚರರ್ರೇ ಬಂದು ಎರಡು ಪಫ್ಸ್ ಹೇಳಿದರು. ಕಟ್ಟಿಕೊಟ್ಟೆ. ಒಂದನ್ನು ಅಲ್ಲೇ ತಿನ್ನೋಣವೆಂದು ಬಿಚ್ಚಿದವರು ಕಾಗದವನ್ನೇ ನೋಡುತ್ತಾ ನಿಂತರು. ಎಣ್ಣೆ ಹೀರಿದ ಕಡೆ ಅಕ್ಷರ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು: ಯಾವುದೋ ವರ್ಷದ ಪ್ರಿಪರೇಟರಿ ಪರೀಕ್ಷೆಯ ಉತ್ತರ ಪತ್ರಿಕೆ, ಪಕ್ಕದಲ್ಲಿ ಕೆಂಪು ಇಂಕಿನ ಸೊನ್ನೆ, ಸೊನ್ನೆಯ ಕೆಳಗೆ ಅವರದೇ ಸಹಿ. ಪಫ್ಸ್ ಜಗಿಯುತ್ತಲೇ ಉತ್ತರವನ್ನು ಕೊನೆವರೆಗೆ ಓದಿದರು. “ಒಂದು ಮಾರ್ಕ್ ಕೊಡಬಹುದಿತ್ತು” ಅಂದು ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. ಆ ಹುಡುಗ ಈಗೆಲ್ಲಿದ್ದಾನೋ, ಅವನ ಒಂದು ಮಾರ್ಕು ಪಲ್ಯದ ಘಮದೊಂದಿಗೆ ಲೆಕ್ಚರರ್ ಮನೆಯಲ್ಲಿದೆ.

ಇಷ್ಟಾದರೂ ಬೇಕರಿಯಲ್ಲಿ ಮಾರ್ಕೆಟಿಂಗ್ ನಡೆಯುತ್ತಿಲ್ಲ ಅಂತಲೇ ನಾನು ನಂಬಿದ್ದೆ. ನಡೆಯುತ್ತಿತ್ತು. ಅದರ ಸರಕು ನಾನಾಗಿದ್ದೆ.

ಗಿರಾಕಿ ಕಮ್ಮಿಯಿದ್ದಾಗ ಒಳಗೆ ಮೈದಾ ಮೂಟೆಯ ಮೇಲೆ ಕೂತು ಓದಿಕೊಳ್ಳುತ್ತಿದ್ದ ನನ್ನನ್ನು ಯಜಮಾನರು ಒಂದು ದಿನ, “ಕಣ್ಣಿಗೆ ಬೆಳಕು ಸಾಲದು” ಅಂತ ಕೌಂಟರಿಗೆ ಕರೆದರು. ಟ್ಯೂಬ್‌ಲೈಟಿನ ಕೆಳಗೆ, ಬೆಣ್ಣೆ ಬಿಸ್ಕತ್ತಿನ ಭರಣಿಯ ಪಕ್ಕ ಸ್ಟೂಲು ಹಾಕಿಕೊಟ್ಟರು. ಎಂಥಾ ಕರುಳು ಅಂದುಕೊಂಡೆ. ಅಲ್ಲಿಂದ ಶುರುವಾಯಿತು. ಬಂದವರೆಲ್ಲ ಕೇಳುವವರೇ. “ಓದ್ಕೊಂಡು ಕೆಲಸಾನೂ ಮಾಡ್ತಾನಾ? ಪಾಪ!” ಆ ‘ಪಾಪ’ಕ್ಕೆ ಕಾಲು ಕೆ.ಜಿ. ಖಾರ ಹೆಚ್ಚಿಗೆ ಹೋಗುತ್ತಿತ್ತು. ಮೂರು ಬೇಕರಿ ದಾಟಿ ಬರಬೇಕಾದ ಅಮ್ಮಂದಿರೂ ಮಕ್ಕಳ ಕೈ ಹಿಡಿದು ಎಳೆದುಕೊಂಡು ಬಂದರು. “ನೋಡು ಆ ಅಣ್ಣನ್ನ! ನಿಂಗೇನೋ ದೊಡ್ಡ ರೋಗ?” ಮಗು ನನ್ನನ್ನು ನೋಡುತ್ತಿದ್ದ ನೋಟವನ್ನು ಯಾವ ಶತ್ರುವೂ ನೋಡಲಾರ. ಒಬ್ಬ ಐದನೇ ಕ್ಲಾಸಿನವನಂತೂ ಹನಿ ಕೇಕು ತಿಂದ ಜೇನಿನ ಕೈಯನ್ನು ನನ್ನ ಅಕೌಂಟೆನ್ಸಿ ನೋಟ್ಸಿಗೆ ನಿಧಾನವಾಗಿ, ಐದೂ ಬೆರಳಿಗೆ ನ್ಯಾಯ ಸಲ್ಲುವ ಹಾಗೆ ಒರೆಸಿ ಹೋದ. ಬ್ಯಾಲೆನ್ಸ್ ಶೀಟಿನ ಎರಡು ಹಾಳೆ ಅಂಟಿಕೊಂಡು ಆಸ್ತಿಯೂ ಸಾಲವೂ ಒಂದಾದವು.

ಇದರ ಇನ್ನೊಂದು ಮುಖ ಪರೀಕ್ಷೆ ಹತ್ತಿರ ಬಂದಾಗ ಕಂಡಿತು. ಹುಡುಗ ಡುಮ್ಕಿ ಹೊಡೆದರೆ ಅಂಗಡಿಯ ಹೆಸರು ಏನಾಗಬೇಕು? ಯಜಮಾನರಿಗೆ ನಿದ್ದೆ ಹೋಯಿತು. ನಾನು ಬನ್ನಿಗೆ ಕೈ ಹಾಕಿದರೆ, “ನೀ ಮುಟ್ಬೇಡ, ಓದು” ಅನ್ನುವರು. ಕೊನೆಗೆ ಮಾಮೂಲು ಗಿರಾಕಿಗಳೇ ಒಳಗೆ ಕೈ ಹಾಕಿ ಖಾರಾ ಬನ್ನು ತೆಗೆದುಕೊಂಡು, ಚಿಲ್ಲರೆ ಎಣಿಸಿಟ್ಟು ಹೋಗತೊಡಗಿದರು. ನಮ್ಮಪ್ಪ ಕೂಡ ನನ್ನನ್ನು ಇಷ್ಟು ಕಾದಿರಲಿಲ್ಲ.

ರಿಸಲ್ಟು ಬಂತು. ಬಿಸಿನೆಸ್ ಸ್ಟಡೀಸಿನಲ್ಲಿ 74. ನನಗೇನೋ ಖುಷಿಯೇ. ಯಜಮಾನರು ಆ ಅಂಕೆಯನ್ನು ಹಳಸಿದ ಬ್ರೆಡ್ಡು ಮೂಸುವ ಹಾಗೆ ಒಂದು ಕ್ಷಣ ಮೂಸಿದರು. ಸಂಜೆ ಗಿರಾಕಿಗಳು ಕೇಳಿದಾಗ, “ಎಂಬತ್ತರ ಹತ್ರ ಹತ್ರ” ಅಂದುಬಿಟ್ಟರು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮುಖ ತೋರಿಸಿದವನನ್ನೂ ಬಿಡುವುದಿಲ್ಲ. ಮುಖ ತೋರಿಸಿದವನು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದೆ.

ಆಗಲೇ ಹಿಂದಿನ ಬೀದಿಯ ಆಂಟಿ ಬಂದರು. “ಎಂಬತ್ತಾ? ಪರವಾಗಿಲ್ಲ ಬಿಡಪ್ಪ. ನಮ್ಮಕ್ಕನ ಮಗಳಿಗೆ ತೊಂಬತ್ತಾರು. ಅರ್ಧ ಕೆ.ಜಿ. ಬೆಣ್ಣೆ ಬಿಸ್ಕತ್ತು ಕಟ್ಟಿ, ಅವಳಿಗೇ ತಗೊಂಡು ಹೋಗ್ಬೇಕು.”

ಯಜಮಾನರು ತಾವೇ ಎದ್ದು ಬಿಸ್ಕತ್ತು ತೂಗಿದರು. ತಕ್ಕಡಿಗೆ ಎರಡು ಹೆಚ್ಚಿಗೆಯೇ ಹಾಕಿ, ದಾರ ಸುತ್ತುತ್ತಾ ಬಹಳ ಸಹಜವಾಗಿ ಕೇಳಿದರು:

“ಆ ಹುಡುಗಿ ಸಂಜೆ ಹೊತ್ತು ಬಿಡುವಾಗಿರ್ತಾಳಾ ಅಮ್ಮಾ?”