ವಿಚಾರಣೆ ಕೌಂಟರಿನ ವಿದ್ಯೆ

ಖಾಸಗಿ ಕಂಪನಿಯ ರಿಸೆಪ್ಷನಿಸ್ಟ್ ಮಾಡಬೇಕಾದ್ದು ಇಷ್ಟೇ: ಮೂರು ರಿಂಗ್ ಆಗುವುದರೊಳಗೆ ಫೋನ್ ಎತ್ತಬೇಕು, ಬಂದವರ ಹೆಸರು ಬರೆದುಕೊಳ್ಳಬೇಕು, ಒಳಗಿನವರಿಗೆ ತಿಳಿಸಬೇಕು. ವಾರದಲ್ಲಿ ಯಾರು ಬೇಕಾದರೂ ಕಲಿತುಬಿಡುತ್ತಾರೆ. ತಾಲ್ಲೂಕು ಕಚೇರಿಯ ‘ವಿಚಾರಣೆ’ ಕೌಂಟರ್ ಹಾಗಲ್ಲ. ಬಂದವರನ್ನು ಬರಮಾಡಿಕೊಳ್ಳುವುದು ಯಾವ ಮಹಾ ವಿದ್ಯೆ? ನಾಲ್ಕು ಸಲ ಬಂದು ಹೋದವರು ದಾಖಲೆಯಲ್ಲಿ ಬಂದೇ ಇಲ್ಲದಂತೆ ನೋಡಿಕೊಳ್ಳಬೇಕಲ್ಲ, ಅದು ವಿದ್ಯೆ.

ಸರ್ಕಾರಿ ಸೇವೆಗೆ ಗಡುವು ಹಾಕುವ ಸಕಾಲ ಕಾಯ್ದೆ 2011ರದು, ಸೇವೆ ಶುರುವಾದದ್ದು 2012ರ ಏಪ್ರಿಲ್‌ನಲ್ಲಿ. ಅರ್ಜಿ ತೆಗೆದುಕೊಂಡರೆ 15 ಅಂಕಿಯ ಸಂಖ್ಯೆ ಕೊಡಬೇಕು. ಅಲ್ಲಿಂದ ದಿನ ಎಣಿಕೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಗಡುವಿನಿಂದ ಪಾರಾಗಲು ಕಡತ ಬೇಗ ಸರಿಸಬೇಕು ಎಂದುಕೊಳ್ಳುವವರು ಹೊಸಬರು. ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ಗಡುವೇ ಹುಟ್ಟುವುದಿಲ್ಲ ಎಂಬುದು ಪಳಗಿದವರಿಗೆ ಗೊತ್ತು.

ಹಾಗಂತ ‘ತಗೊಳ್ಳಲ್ಲ’ ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ‘ಒಂದು ಕಮ್ಮಿ ಇದೆ’ ಎನ್ನಬೇಕು. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಬಂದವರಿದ್ದಾರೆ ಎನ್ನಿ. ಮೊದಲ ದಿನ ಮರಣ ಪ್ರಮಾಣಪತ್ರದ ಝೆರಾಕ್ಸ್ ಮಸುಕು. ಮುಂದಿನ ಸಲ ವಂಶವೃಕ್ಷ ಹಳೇದು. ಅದಾದ ಮೇಲೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಆಧಾರ್ ಎಲ್ಲಿ? ಅವೂ ಬಂದವು ಅಂತಿಟ್ಟುಕೊಳ್ಳಿ, ಪಹಣಿಯಲ್ಲಿ ರಾಮಪ್ಪ, ಮರಣ ಪ್ರಮಾಣಪತ್ರದಲ್ಲಿ ರಾಮಯ್ಯ. ‘ಎಲ್ಲಾ ಒಂದೇ ಸಲ ಹೇಳಿಬಿಡಿ ಸ್ವಾಮಿ’ ಎಂದು ಕೇಳಿದರೆ, ‘ಯಜಮಾನ್ರೇ, ಮೊದಲು ಇದೊಂದು ತನ್ನಿ, ಮಿಕ್ಕಿದ್ದು ಆಮೇಲೆ ನೋಡೋಣ’. ಬೇಕಾದ ದಾಖಲೆಗಳ ಪೂರ್ತಿ ಪಟ್ಟಿ ಗೋಡೆಯ ಮೇಲಿದೆ. ಅದರ ಮುಂದೆ ಗಾಡ್ರೇಜ್ ಬೀರುವೂ ಇದೆ.

ಪಟ್ಟಿಯನ್ನು ಒಂದೇ ಉಸಿರಿಗೆ ಹೇಳುವಾತ ಎದುರಿನ ಝೆರಾಕ್ಸ್ ಅಂಗಡಿಯಲ್ಲಿದ್ದಾನೆ. ಯಾವ ಕೇಸ್ ವರ್ಕರ್ ರಜೆ, ಯಾರಿಗೆ ವರ್ಗಾವಣೆ ಆಯಿತು, ಎಷ್ಟು ಪ್ರತಿ ಬೇಕು, ಎಲ್ಲಿ ಸಹಿ ಹಾಕಬೇಕು, ಎಲ್ಲವೂ ಅವನ ನಾಲಿಗೆ ತುದಿಯಲ್ಲಿ. ಸಂಬಳವಿಲ್ಲ, ಪಿಂಚಣಿಯಿಲ್ಲ, ಪುಟದ ಲೆಕ್ಕ. ನಿಜವಾದ ಸ್ವಾಗತಕಾರ ಅವನೇ.

‘ಸಾಹೇಬ್ರು ಇದ್ದಾರಾ’ ಎಂಬ ಪ್ರಶ್ನೆಗೆ ಗಡಿಯಾರ ನೋಡಿ ಉತ್ತರಿಸಬೇಕು. ಹನ್ನೊಂದರ ತನಕ ‘ಬರ್ತಾ ಇದ್ದಾರೆ’, ಊಟದ ಹೊತ್ತಿನ ತನಕ ‘ವೀಸೀಲಿದ್ದಾರೆ’ (ವಿಡಿಯೊ ಕಾನ್ಫರೆನ್ಸ್), ಆಮೇಲೆ ‘ಫೀಲ್ಡಿಗೆ ಹೋದ್ರು’, ನಾಲ್ಕೂವರೆ ದಾಟಿದರೆ ‘ನಾಳೆ ಬನ್ನಿ’. ಇವುಗಳಲ್ಲಿ ವೀಸಿಗೆ ಸಾಟಿಯಿಲ್ಲ: ಸಾಹೇಬರು ಕಣ್ಣೆದುರೇ ಇದ್ದರೂ ಇಲ್ಲ, ಸುಳ್ಳು ಹೇಳಿದ ಪಾಪವೂ ಇಲ್ಲ. ‘ಸರ್ವರ್ ಡೌನ್’ ಅನ್ನು ಮಾತ್ರ ಕಂಡಕಂಡಾಗ ಬಳಸಬಾರದು. ನಿಜವಾಗಿ ಡೌನ್ ಆದ ದಿನ ಜನ ನಂಬುವುದಿಲ್ಲ.

ಕಷ್ಟ ಕೊಡುವವರು ಎರಡನೇ ಪ್ರತಿ ಹಿಡಿದು ಬಂದು ‘ಇದರ ಮೇಲೆ ಸೀಲ್ ಹಾಕಿಕೊಡಿ’ ಎನ್ನುವವರು. ಸ್ವೀಕೃತಿ ಎಂದರೆ ಮೂರು ಸೇರಬೇಕು: ತಾರೀಕು, ಆವಕ ವಹಿಯ (ಬಂದ ಪತ್ರಗಳ ರಿಜಿಸ್ಟರ್) ಸಂಖ್ಯೆ, ಪಡೆದವರ ಸಹಿ. ಮೊಹರು ಒತ್ತಿ, ಸಂಖ್ಯೆಯ ಜಾಗ ಖಾಲಿ ಬಿಟ್ಟು, ಶಾಯಿಯಲ್ಲಿ ಬಿದ್ದ ಇರುವೆ ಎದ್ದು ನಡೆದಂತೆ ಒಂದು ಸಹಿ ಎಳೆದರೆ ಅರ್ಜಿದಾರರು ಖುಷಿಯಾಗಿ ಹೋಗುತ್ತಾರೆ. ಎರಡು ತಿಂಗಳು ಬಿಟ್ಟು ಬಂದಾಗ ‘ನಂಬರ್ ಇಲ್ವಲ್ಲಾ, ಹೇಗೆ ಹುಡುಕೋದು?’ ಎಂದರಾಯಿತು. ತಾರೀಕಿನ ಚಕ್ರ ತಿರುಗಿಸಲು ಮರೆತು, ಹೋದ ತಿಂಗಳ ದಿನಾಂಕ ಬಿದ್ದರೆ ಮಾತ್ರ ಅನಾಹುತ, ಗಡುವು ಅರ್ಜಿಗಿಂತ ಮೊದಲೇ ಶುರುವಾಗುತ್ತದೆ. ಅದಕ್ಕೇ ಅನುಭವಿಗಳು ಸ್ಟಾಂಪ್ ಪ್ಯಾಡ್ ಒಣಗಿಸಿಯೇ ಇಡುತ್ತಾರೆ.

ಸ್ಪೀಡ್ ಪೋಸ್ಟಿನಲ್ಲಿ ಬಂದ ಅರ್ಜಿಗೆ ಕೌಂಟರಿನಲ್ಲಿ ಮದ್ದಿಲ್ಲ. ತಲುಪಿದ ದಿನ, ಗಂಟೆ ಎಲ್ಲ ಅಂಚೆಯವರ ಬಳಿ ಇರುತ್ತದೆ. ಅದನ್ನು ನೋಡಿಕೊಳ್ಳಲು ಒಳಗೆ ಬೇರೆ ಪರಿಣತರಿದ್ದಾರೆ. ಅವರು ಹದಿನೈದು ದಿನ ಬಿಟ್ಟು ಒಂದು ಹಿಂಬರಹ ಕಳಿಸುತ್ತಾರೆ: ‘ಸದರಿ ಅರ್ಜಿಯ ಬಗ್ಗೆ ತಾವು ಖುದ್ದಾಗಿ ಹಾಜರಾಗಿ ವಿಚಾರಣೆ ಕೌಂಟರಿನಲ್ಲಿ ವಿಚಾರಿಸತಕ್ಕದ್ದು.’