ಏಡಿಯ ಕಡೆಗೂ ಕಣ್ಣು ಹಾಯಿಸಿ
ಇಂಗ್ಲೆಂಡಿನ ಯುವರಾಜ ಫ್ರೆಡರಿಕ್‌ಗಾಗಿ 1740ರ ದಶಕದಲ್ಲಿ ಮಾಡಿದ ಚಿನ್ನಲೇಪಿತ ಬೆಳ್ಳಿ ಪಾತ್ರೆಗಳ ಬಗ್ಗೆ ನಿಮ್ಮಲ್ಲಿ ಪ್ರಕಟವಾದ ಲೇಖನದಲ್ಲಿ ಲೇಖಕರು, ಸಮುದ್ರದೇವತೆ ನೆಪ್ಚೂನ್ ತುದಿಯಲ್ಲಿ ವಿರಾಜಮಾನನಾದ ದೊಡ್ಡ ಪಾತ್ರೆಯೊಂದಕ್ಕೇ ಮನಸೋತಿದ್ದಾರೆ. ನನಗೇನೋ ಅದು ಅತಿಯಾಯಿತು ಎನಿಸುತ್ತದೆ. ಕೈಚಳಕ ನೋಡಬೇಕೆಂದರೆ ಅದೇ ಸರಣಿಯ ಉಪ್ಪಿನ ಬಟ್ಟಲುಗಳನ್ನು ನೋಡಬೇಕು: ಚಿಪ್ಪು, ಅದರೊಂದಿಗೆ ಏಡಿ; ಕಾಲಿನ ಗೆಣ್ಣುಗಳೂ ಬೆನ್ನಿನ ಒರಟೂ ಜೀವಂತ ಏಡಿಯವೇ! ಅವನ್ನು ಮಾಡಿದ ನಿಕೊಲಸ್ ಸ್ಪ್ರಿಮಾಂಟ್ ಇಂದಿನ ಬೆಲ್ಜಿಯಂನ ಲೀಜ್ ಪಟ್ಟಣದಿಂದ ಲಂಡನ್ನಿಗೆ ಬಂದವನು. ಮುಂದೆ ಲಂಡನ್ನಿನ ಚೆಲ್ಸಿಯಲ್ಲಿ ಪಿಂಗಾಣಿ ಕಾರ್ಖಾನೆ ನಡೆಸಿದಾಗ, ಏಡಿಯ ಬದಲು ಕ್ರೇಫಿಶ್ (ಸೀಗಡಿಯಂಥ ಜೀವಿ) ಇರುವ ಉಪ್ಪಿನ ಬಟ್ಟಲು ಪಿಂಗಾಣಿಯಲ್ಲೂ ಮರುಹುಟ್ಟು ಪಡೆಯಿತು. ಅಂದ ಹಾಗೆ, ಉಪ್ಪಿನ ಬಟ್ಟಲಿಗೆ ಚಿನ್ನದ ಲೇಪ ಬರಿಯ ಆಡಂಬರವಲ್ಲ. ಉಪ್ಪು ಬೆಳ್ಳಿಯನ್ನು ತಿಂದುಹಾಕುತ್ತದೆ. ಲೇಖನದಲ್ಲಿ ಇದಕ್ಕೊಂದು ಸಾಲನ್ನಾದರೂ ಮೀಸಲಿಡಬಹುದಿತ್ತು.