ಹಳದಿ ಬಾವುಟದ ಸ್ವಾತಂತ್ರ್ಯ

ಕ್ರಿಕೆಟ್ ನೋಡಿ ಬೆಳೆದ ನಮ್ಮಂಥವರಿಗೆ ವೆಸ್ಟ್ ಇಂಡೀಸ್ ಅಂದರೆ ಒಂದು ದೇಶ. ಟಾಸ್‌ಗೆ ಬರುವವನು ಒಬ್ಬ, ಟೋಪಿ ಒಂದು, ಸೋತಾಗ ಬೈಸಿಕೊಳ್ಳುವ ಬೋರ್ಡೂ ಒಂದೇ. ಭೂಪಟದಲ್ಲಿ ಮಾತ್ರ ಅಂಥದೊಂದು ದೇಶ ಇಲ್ಲವೇ ಇಲ್ಲ. 1958ರಲ್ಲಿ ಕೆರಿಬಿಯನ್ನಿನ ಕೆಲವು ದ್ವೀಪಗಳು ಸೇರಿ ಒಕ್ಕೂಟ ಕಟ್ಟಿ ನೋಡಿದವು. 1962ಕ್ಕೆ ಅದು ಮುರಿದುಬಿತ್ತು. ಈಗ ರಿಚರ್ಡ್ಸ್ ಹುಟ್ಟಿದ ಆಂಟಿಗುವಾ ಒಂದು ದೇಶ, ಸೋಬರ್ಸ್ ಹುಟ್ಟಿದ ಬಾರ್ಬಡೋಸ್ ಇನ್ನೊಂದು, ಲಾರಾ ಹುಟ್ಟಿದ ಟ್ರಿನಿಡಾಡ್ ಮತ್ತೊಂದು. ನಡುನಡುವೆ ಫ್ರಾನ್ಸಿನದು, ಡಚ್ಚರದು, ಬ್ರಿಟಿಷರದು, ಅಮೆರಿಕದ್ದು ಅಂತ ಚೂರುಚೂರು. ಈ ದ್ವೀಪಗಳ ಹುಡುಗರು ಒಟ್ಟಿಗೆ ಫೀಲ್ಡಿಗೆ ಇಳಿಯುವುದು ಸುಲಭ. ಸ್ವಂತ ಹಾಯಿ ಯಾಟ್‌ನಲ್ಲಿ, ಅಂದರೆ ಮೋಜಿನ ದೋಣಿಯಲ್ಲಿ, ಅವರವರ ಊರು ಸುತ್ತಿ ಬರಲು ಗುಮಾಸ್ತನ ಗುಂಡಿಗೆ ಬೇಕು.

ಯಾಟ್ ಯಜಮಾನರನ್ನು ಕೇಳಿದರೆ, ಸಮುದ್ರಕ್ಕೆ ಗಡಿಯಿಲ್ಲ, ಗಾಳಿ ಬೀಸಿದತ್ತ ನಮ್ಮ ಪಯಣ ಅನ್ನುತ್ತಾರೆ. ಸರಿ, ಗಾಳಿ ಬೀಸಿತು, ದ್ವೀಪ ಬಂತು, ಲಂಗರು ಇಳಿಯಿತು. ಮೊದಲ ಕೆಲಸ ಹಳದಿ ಬಾವುಟ ಏರಿಸುವುದು. 'ನಾವೆಲ್ಲ ಆರೋಗ್ಯವಾಗಿದ್ದೇವೆ, ದಯವಿಟ್ಟು ಒಳಗೆ ಬಿಟ್ಟುಕೊಳ್ಳಿ' ಎಂಬ ಅರಿಕೆ ಅದು. ಅದು ಹಾರುತ್ತಿರುವಷ್ಟು ಹೊತ್ತು ಕ್ಯಾಪ್ಟನ್ ಒಬ್ಬನೇ ದಡಕ್ಕೆ ಹೋಗಬಹುದು. ಕೋಟಿಗಟ್ಟಲೆ ಸುರಿದ ಉಳಿದವರೆಲ್ಲ ಈಜಿದರೆ ಸಿಗುವ ಬೀಚನ್ನು ನೋಡುತ್ತಾ ಡೆಕ್ ಮೇಲೆ ಗೃಹಬಂಧನದಲ್ಲಿರಬೇಕು. ಕ್ಯಾಪ್ಟನ್ ಪಾಸ್‌ಪೋರ್ಟ್‌ಗಳು, ನೋಂದಣಿ ಪತ್ರ, ಹಿಂದಿನ ದ್ವೀಪ ಕೊಟ್ಟ ಬಿಡುಗಡೆ ಚೀಟಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಡಿಂಗಿ ಎಂಬ ಪುಟ್ಟ ರಬ್ಬರ್ ದೋಣಿಯಲ್ಲಿ ಸೊಂಟದವರೆಗೆ ನೆನೆಯುತ್ತಾ ಹೊರಡುತ್ತಾನೆ. ಕಸ್ಟಮ್ಸ್ ಮೊದಲೋ ಇಮಿಗ್ರೇಷನ್ ಮೊದಲೋ ಎನ್ನುವುದು ದ್ವೀಪಕ್ಕೊಂದು ಸಂಪ್ರದಾಯ. ಸೀಲು ಬಿದ್ದ ಮೇಲೆ ವಾಪಸ್ ಬಂದು ಹಳದಿ ಇಳಿಸಿ, ಬಲಗಡೆ ಆ ದೇಶದ ಬಾವುಟ ಏರಿಸಬೇಕು. ಯಾಟ್‌ನ ಒಂದು ಡ್ರಾಯರ್ ಎಳೆದರೆ ಒಳಗೆ ವಿಶ್ವಸಂಸ್ಥೆಯೇ ಮಡಚಿ ಕೂತಿರುತ್ತದೆ.

ಫ್ರೆಂಚ್ ದ್ವೀಪಗಳು ಈ ವಿಷಯದಲ್ಲಿ ಭಾರಿ ಮುಂದುವರಿದಿವೆ. ಮಾರ್ಟಿನಿಕ್‌ನಲ್ಲಿ ದೋಣಿ ಸಾಮಾನಿನ ಅಂಗಡಿಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟಿರುತ್ತಾರೆ. ವಿವರ ನೀವೇ ತುಂಬಿ, ನೀವೇ ಪ್ರಿಂಟ್ ತೆಗೆದು, ಅಂಗಡಿಯವನ ಹತ್ತಿರ ಸೀಲು ಹಾಕಿಸಿಕೊಂಡರೆ ಮುಗಿಯಿತು. ಹಗ್ಗ, ಪೇಂಟು ಮಾರುವವನೇ ಆ ಕ್ಷಣಕ್ಕೆ ಫ್ರೆಂಚ್ ಗಣರಾಜ್ಯ. ಆದರೆ ಕೀಬೋರ್ಡೂ ಫ್ರೆಂಚೇ. ಎ ಇರಬೇಕಾದಲ್ಲಿ ಕ್ಯೂ, ಎಂ ಇರಬೇಕಾದಲ್ಲಿ ಕಾಮಾ. ಕೀ ನೋಡದೆ ಹೆಸರು ಕುಟ್ಟಿದ ಅಮರ್ ಎಂಬಾತ 'ಕ್ಯೂ ಕಾಮಾ ಕ್ಯೂ ಆರ್' ಎಂಬ ಹೊಸ ಜನ್ಮ ಪಡೆದು ಫ್ರಾನ್ಸ್ ಪ್ರವೇಶಿಸುತ್ತಾನೆ.

ಸೇಂಟ್ ಮಾರ್ಟಿನ್ ಇನ್ನೂ ಚೆನ್ನ. ಸುಮಾರು 87 ಚದರ ಕಿಲೋಮೀಟರಿನ ಈ ದ್ವೀಪವನ್ನು ಫ್ರೆಂಚರೂ ಡಚ್ಚರೂ 1648ರಲ್ಲಿ ಅಣ್ಣತಮ್ಮಂದಿರು ಹಿತ್ತಿಲು ಹಂಚಿಕೊಂಡಂತೆ ಹಂಚಿಕೊಂಡರು. ಫ್ರೆಂಚನೊಬ್ಬ ವೈನ್ ಕುಡಿಯುತ್ತಾ ಒಂದು ಕಡೆಯಿಂದ, ಡಚ್ಚನೊಬ್ಬ ಜಿನ್ ಕುಡಿಯುತ್ತಾ ಇನ್ನೊಂದು ಕಡೆಯಿಂದ ನಡೆದು, ಎದುರಾದಲ್ಲಿ ಗೆರೆ ಎಳೆದರೆಂದು ಅಲ್ಲಿಯವರು ಕತೆ ಹೇಳುತ್ತಾರೆ. ಜಿನ್ ಜಾಸ್ತಿ ಏರಿದ್ದರಿಂದ ಡಚ್ಚರಿಗೆ ಕಡಿಮೆ ಪಾಲು ಸಿಕ್ಕಿತಂತೆ. ಕಾರಿನಲ್ಲಿ ಹೋಗುವವರಿಗೆ ಆ ಗೆರೆ ಒಂದು ಬೋರ್ಡು ಅಷ್ಟೆ. ಗೇಟಿಲ್ಲ, ಪೊಲೀಸಿಲ್ಲ, ಯಾರೂ ಏನೂ ಕೇಳುವುದಿಲ್ಲ. ಯಾಟ್‌ನಲ್ಲಿದ್ದರೆ ಅದೇ ಗೆರೆ ಅಂತರರಾಷ್ಟ್ರೀಯ ಗಡಿ. ಅದು ಹಿನ್ನೀರಿನ ನಡುವೆಯೇ ಹಾದುಹೋಗುತ್ತದೆ. ಲಂಗರು ಎತ್ತಿ ಆಚೆ ಹಾಕಬೇಕಾದರೆ ಈ ಕಡೆ ಬಿಡುಗಡೆ ಚೀಟಿ, ಆ ಕಡೆ ಪ್ರವೇಶ ಚೀಟಿ. ಕ್ಯಾಪ್ಟನ್ ಆ ಚೀಟಿ ತರಲು ಟ್ಯಾಕ್ಸಿ ಹತ್ತಿದರೆ ಆರಾಮಾಗಿ ಎರಡು ದೇಶ ಸುತ್ತಿ ಬರಬಹುದು.

ಅಮೆರಿಕ ಯಾರಿಗೂ ಕಡಿಮೆಯಿಲ್ಲ. ವೀಸಾ ವಿನಾಯಿತಿ ಇರುವ ಜರ್ಮನ್ ಪ್ರಜೆ ಬ್ರಿಟಿಷ್ ವರ್ಜಿನ್ ದ್ವೀಪದಿಂದ ಫೆರಿ ಹತ್ತಿ ಅಮೆರಿಕದ ಸೇಂಟ್ ಥಾಮಸ್‌ಗೆ ಹೋದರೆ ಸ್ವಾಗತ. ಅದೇ ಮನುಷ್ಯ, ಅದೇ ಪಾಸ್‌ಪೋರ್ಟ್, ಸ್ವಂತ ಯಾಟ್‌ನಲ್ಲಿ ಹೋದರೆ ವೀಸಾ ಎಲ್ಲಿ ಅಂತಾರೆ. ಟಿಕೆಟ್ ಕೊಂಡವನು ಅತಿಥಿ, ಹಡಗನ್ನೇ ಕೊಂಡವನು ಅನುಮಾನಾಸ್ಪದ!

ಹಾಗಂತ ಈ ಭಾಗದಲ್ಲಿ ಕಾಗದ ಸಿಗುವುದೇ ಕಷ್ಟ ಅಂದುಕೊಳ್ಳಬೇಡಿ. ಸೇಂಟ್ ಕಿಟ್ಸ್ 1984ರಿಂದಲೇ ಪೌರತ್ವ ಮಾರುತ್ತಿದೆ. ಈಗ ಐದು ದ್ವೀಪ ದೇಶಗಳಲ್ಲಿ ಈ ವ್ಯಾಪಾರ ಉಂಟು, ದರ 2 ಲಕ್ಷ ಡಾಲರಿನಿಂದ ಮೇಲಕ್ಕೆ. ಬ್ಯಾಂಕ್ ವಂಚನೆಯ ಆರೋಪ ಹೊತ್ತ ನಮ್ಮ ವಜ್ರದ ವ್ಯಾಪಾರಿ ಮೆಹುಲ್ ಚೋಕ್ಸಿಯವರೂ 2017ರಲ್ಲಿ ಆಂಟಿಗುವಾದ ಪ್ರಜೆಯಾದವರೇ. 2021ರ ಮೇನಲ್ಲಿ ಅವರು ಇನ್ನೊಂದು ದ್ವೀಪ ದೇಶವಾದ ಡೊಮಿನಿಕಾದಲ್ಲಿ ಸಿಕ್ಕಾಗ ಪೊಲೀಸರು ಅಕ್ರಮ ಪ್ರವೇಶ ಅಂದರು, ವಕೀಲರು ಅಪಹರಿಸಿ ದೋಣಿಯಲ್ಲಿ ತಂದದ್ದು ಅಂದರು. ಮರುವರ್ಷ ಕೇಸು ಕೈಬಿಟ್ಟರು. ಹಳದಿ ಬಾವುಟದ ಮಾತನ್ನು ಮಾತ್ರ ಯಾವ ಕಡೆಯವರೂ ಎತ್ತಲಿಲ್ಲ.

ನನ್ನ ಕನಿಕರವೆಲ್ಲ ಕೌಂಟರಿನ ಆಚೆ ಕೂತವರ ಮೇಲೆ. ಭಾನುವಾರ ಬಂದವರ ಹತ್ತಿರ ಓವರ್‌ಟೈಮ್ ಶುಲ್ಕ ಕೇಳಿದರೆ ಯಜಮಾನರು ಹಗಲುದರೋಡೆ ಅಂತ ಕೂಗಾಡುತ್ತಾರೆ. ದೊಡ್ಡ ಯಾಟ್‌ಗಳ ಹಿಂಭಾಗ ನೋಡಿ, ನೋಂದಣಿಯಾದ ಊರಿನ ಹೆಸರಾಗಿ ಎಷ್ಟೋ ಕಡೆ 'ಜಾರ್ಜ್ ಟೌನ್' ಅಂತ ಬರೆದಿರುತ್ತದೆ. ಅದು ಕೇಮನ್ ದ್ವೀಪಗಳ ರಾಜಧಾನಿ. ಆಂಟಿಗುವಾದಿಂದ ಸಾವಿರ ಮೈಲಿಗೂ ಆಚೆ, ಆದಾಯ ತೆರಿಗೆ ಇಲ್ಲದ ಊರು. "ಓಹ್, ಜಾರ್ಜ್ ಟೌನಿನವರಾ? ಅಲ್ಲಿ ಭಾನುವಾರಕ್ಕೆ ಎಷ್ಟು ತಗೋತಾರೆ ಸಾರ್?" ಅಂತ ಆಂಟಿಗುವಾದ ಕೌಂಟರಿನ ಗುಮಾಸ್ತೆ ಒಂದು ಸಲ ಕೇಳಿಬಿಟ್ಟರೆ, ಯಜಮಾನರು ಕ್ಯಾಪ್ಟನ್ ಮುಖ ನೋಡಬೇಕಾಗುತ್ತದೆ.